ಕಿತ್ತ ಚಾರ್ಜಿಂಗ್ ವೈರು

ಗೋಗಿ, ಸೋಮವಾರ ಸಂಜೆ

ಮುನಾವರ ಭಾಯಿಗೆ ಅಂಜುಮ್‌ಳ ಸಲಾಂ.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಅಮ್ಮಿಗೆ ಕಳಿಸುವ ರೊಟ್ಟಿ, ಶಾಲಿನ ಜೊತೆ ಈ ಪತ್ರವನ್ನು ಶಹಾಪುರದ ಬಸ್ಸಿನ ಕಂಡಕ್ಟರ್ ಕೈಲಿ ಆಸ್ಪತ್ರೆಗೆ ಕಳಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅಮ್ಮಿಯನ್ನು ಡಯಾಲಿಸಿಸ್‌ಗೆ ಶಹಾಪುರಕ್ಕೆ ಒಯ್ಯಬೇಕಿದ್ದ ನಿನ್ನ ಎಲೆಕ್ಟ್ರಿಕ್ ಆಟೋದ ಚಾರ್ಜಿಂಗ್ ವೈರನ್ನು ನಾನೇ ಕಿತ್ತೆ. ಗಾಳಿಗೆ ಕರೆಂಟಿನ ಕಂಬ ಬಿದ್ದಿತ್ತು, ಮೋಡ ಕವಿದಿತ್ತು. ನಾನು ನೋಡಿಕೊಳ್ಳುವ ಚಾರ್ಜಿಂಗ್ ಸ್ಟೇಷನ್ನಿಗೂ ಆರೋಗ್ಯ ಕೇಂದ್ರಕ್ಕೂ ಊರಿನ ಸೋಲಾರ್ ಬ್ಯಾಟರಿಯೊಂದೇ ಆಧಾರ, ಅದರಲ್ಲೂ ಉಳಿದದ್ದು ಸ್ವಲ್ಪ. ಅಷ್ಟರಲ್ಲಿ ನರ್ಸ್ ಬಸವೇಶ್ವರಿ ಓಡಿ ಬಂದು, “ಈಗ ಹುಟ್ಟಿದ ಕೂಸು ಉಸಿರಾಡವಲ್ದು. ಆಕ್ಸಿಜನ್ ಮಷಿನ್ ಬಂದ್ ಆಗಾಕತ್ತೈತಿ, ಅಂಜುಮ್!” ಎಂದರು.

“ಅಮ್ಮಿ ಜೀವಕ್ಕ ಬೆಲಿ ಇಲ್ಲೇನು?” ಎಂದು ನೀನು ಕೂಗಿದೆ. ನಾನು ಉಳಿದ ಕರೆಂಟನ್ನೆಲ್ಲ ಆರೋಗ್ಯ ಕೇಂದ್ರದ ಕಡೆ ತಿರುಗಿಸಿದೆ. ಅಮ್ಮಿಯೇ ಆಟೋದಿಂದ ಇಳಿದು, “ನಡಿ ಬೇಟಾ, ಬಸ್ಸಿಗಿ ಹೋಗೂಣು” ಎಂದಳು.

ಕೂಸು ಈಗ ಹಾಲು ಕುಡಿಯುತ್ತಿದೆ. ತಡವಾದರೂ ಅಮ್ಮಿಗೆ ಡಯಾಲಿಸಿಸ್ ಆಯಿತು, ಸುಸ್ತಾಗಿರುವುದರಿಂದ ಇವತ್ತು ಅಲ್ಲೇ ಇರಿಸಿಕೊಳ್ಳುತ್ತಾರೆ ಎಂದು ಬಸವೇಶ್ವರಿ ಆಸ್ಪತ್ರೆಗೆ ಫೋನ್ ಮಾಡಿ ತಿಳಿದುಕೊಂಡರು.

ಅಮ್ಮಿಯನ್ನು ಬಸ್ಸಿನಲ್ಲಿ ಕರೆತರಬೇಡ. ನಾಳೆ ಬಿಸಿಲೇರಿದ ಮೇಲೆ ಆಟೋ ಚಾರ್ಜ್ ಮಾಡಿಕೊಂಡು ನಾನೇ ಬರುತ್ತೇನೆ. ಆಗಲೂ ನಿನ್ನ ಸಿಟ್ಟು ಇಳಿದಿರದಿದ್ದರೆ ನನ್ನ ಜೊತೆ ಮಾತಾಡಬೇಡ, ಹಿಂದಿನ ಸೀಟಿನಲ್ಲಿ ಅಮ್ಮಿಯ ಪಕ್ಕ ಕುಳಿತುಕೋ.

ನಿನ್ನ ತಂಗಿ
ಅಂಜುಮ್