ಸಮುದ್ರಕ್ಕೆ ಗೋಡೆ ಕಟ್ಟಿದ ಊರು

ಒನ್ ಟೌನ್, ವಿಜಯವಾಡ
ಸೋಮವಾರ, ೨೮ ಜೂನ್ ೧೯೯೩

ಪ್ರೀತಿಯ ಅಪ್ಪಾ,

ನಿಮ್ಮ ಬಿ.ಪಿ. ಹೇಗಿದೆ? ಬೆಳಗಿನ ಮಾತ್ರೆ ನುಂಗಿದಿರಾ? ಇಲ್ಲದಿದ್ದರೆ ಈ ಕಾಗದವನ್ನು ಮಡಿಸಿಟ್ಟು, ಎದ್ದು ಹೋಗಿ ಮಾತ್ರೆ ತೆಗೆದುಕೊಂಡು ಬಂದು ಆಮೇಲೆ ಮುಂದೆ ಓದಿ. ಇದು ಅಕ್ಕರೆಯ ಮಾತೂ ಹೌದು, ಎಚ್ಚರಿಕೆಯೂ ಹೌದು. ಅಮ್ಮನ ಮೊಣಕಾಲಿಗೆ ಆ ಹೊಸ ಎಣ್ಣೆಯಿಂದ ಗುಣ ಕಂಡಿತೋ? ನಿಮ್ಮ ಬ್ಯಾಂಕ್ ಬ್ರಾಂಚಿನ ಇನ್ಸ್‌ಪೆಕ್ಷನ್ ಮುಗಿಯಿತೋ, ಇಲ್ಲ ಆ ಮಹಾನುಭಾವರು ಇನ್ನೂ ದ್ವಾರಕಾ ನಗರದಲ್ಲೇ ಕೂತು ನಿಮ್ಮ ಕೈಯಲ್ಲಿ ಹಳೇ ಫೈಲು ಹುಡುಕಿಸುತ್ತಿದ್ದಾರೋ? ಮೇಲೆ ‘ತೀರ್ಥರೂಪು’ ಅಂತ ಬರೆಯಬೇಕಿತ್ತು. ನೀವು ಕಲಿಸಿದ್ದು ಹಾಗೆಯೇ. ಆದರೆ ಇವತ್ತು ಕೈ ಬರಲಿಲ್ಲ. ಪ್ರೀತಿ ಮಾತ್ರ ಇನ್ನೂ ಇದೆ, ಅದಕ್ಕೆ ಅಷ್ಟನ್ನೇ ಬರೆದೆ.

ನಾನು ಚೆನ್ನಾಗಿದ್ದೇನೆ. ಆದರೆ ನೀವು ತಿಳಿದ ಹಾಗೆ ಹಾಸ್ಟೆಲಿನಲ್ಲಿಲ್ಲ. ನಿನ್ನೆಯಿಂದ ಕನಕದುರ್ಗಳ ಮನೆಯಲ್ಲಿದ್ದೇನೆ. ಹೆಸರು ನೆನಪಿದೆ ತಾನೇ? ಜನವರಿಯಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿ, ನನ್ನ ರೂಮ್‌ಮೇಟ್. ಕೆಳಗೆ ಅವರ ಅರಿಶಿನ, ಒಣಮೆಣಸಿನಕಾಯಿ ಸಗಟು ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸೀನು ಬರುತ್ತದೆ. ತಂದೆಯಿಲ್ಲದ ಮನೆ. ಅವಳ ತಾಯಿ ಸೀತಾಮಹಾಲಕ್ಷ್ಮಿ ಆಂಟಿಯೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ನನ್ನನ್ನು ಕಂಡು ಅವರು ಬೈಯಬೇಕಿತ್ತು. “ತಿನಮ್ಮಾ, ತಿನು” ಅನ್ನುತ್ತ ಬಿಸಿ ಪೆಸರಟ್ಟು ತಟ್ಟೆಗೆ ಹಾಕಿದರು. ನಾಲ್ಕು ತಿಂದೆ.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಆ ಹಾಸ್ಟೆಲಿನಲ್ಲಿ ನೀವು ನೋಡಿದ್ದು ಮುಂದಿನ ಹಾಲ್, ಸರಸ್ವತಿಯ ಪಟ ಮತ್ತು ಅಕ್ವೇರಿಯಂ. ಹಿಂದಿನ ಕಟ್ಟಡವನ್ನು ನೋಡಿಲ್ಲ. ಅಲ್ಲಿ ಕಿಟಕಿ ಗಾಜುಗಳಿಗೆಲ್ಲ ಹಸಿರು ಬಣ್ಣ ಬಳಿದಿದ್ದರು, ರಸ್ತೆ ಕಂಡರೆ ಮನಸ್ಸು ಚಂಚಲವಾಗುತ್ತದಂತೆ. ನಾಲ್ಕೂವರೆಗೆ ಗಂಟೆ. ವಾರ್ಡನ್ ರಾಜ್ಯಲಕ್ಷ್ಮಿ ಮೇಡಂ “ಚದುವು, ಚದುವು” ಎಂದು ಬೆಂಚುಗಳ ನಡುವೆ ಬೆತ್ತ ಬಡಿಯುತ್ತ ಓಡಾಡುತ್ತಿದ್ದರು. ಓದು ಎನ್ನುವ ಶಬ್ದವನ್ನು ಅಷ್ಟು ಅಸಹ್ಯವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಭಾನುವಾರ ಪರೀಕ್ಷೆ, ಸೋಮವಾರ ರ‍್ಯಾಂಕ್ ಪಟ್ಟಿ. ಕ್ಲಾಸಿನಲ್ಲಿ ಕೂರುವುದು ರ‍್ಯಾಂಕಿನ ಪ್ರಕಾರ. ಊಟದ ಸಾಲೂ ರ‍್ಯಾಂಕಿನ ಪ್ರಕಾರ. ಇನ್ನೂರು ದಾಟಿದವರಿಗೆ ಸಾರಿನ ತಳದ ಗಸಿ, ತಣ್ಣಗಾದ ಅನ್ನ. ಒಮ್ಮೆ ನನಗೆ ಜ್ವರ ಬಂದು ಇನ್ನೂರಾ ಮೂವತ್ತಕ್ಕೆ ಇಳಿದಾಗ ಮೊದಲ ಸಾಲಿನ ಕನಕದುರ್ಗ ತನ್ನ ಹಪ್ಪಳವನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟು ತಂದುಕೊಟ್ಟಿದ್ದಳು. ಇದನ್ನೆಲ್ಲ ಕಾಗದದಲ್ಲಿ ಬರೆಯುವ ಹಾಗಿರಲಿಲ್ಲ. ಕಾಗದ ಇಂಗ್ಲಿಷಿನಲ್ಲೇ ಇರಬೇಕು, ಮೇಡಂ ಓದಿದ ಮೇಲೆಯೇ ಅಂಚೆಗೆ ಹೋಗಬೇಕು. ‘ಐ ಆಮ್ ಫೈನ್’ ಎಂದು ಎರಡು ವರ್ಷ ಬರೆದದ್ದೆಲ್ಲ ಶುದ್ಧ ಸುಳ್ಳು.

ಆ ಸಿಟ್ಟಿಗೇ ನಾನು ಕಥೆ ಬರೆಯಲು ಶುರುಮಾಡಿದ್ದು. ಇಸವಿ ಎರಡು ಸಾವಿರದ ಐವತ್ತು, ನಮ್ಮ ವಿಶಾಖಪಟ್ಟಣ. ಬಂದರಿನಿಂದ ಭೀಮಿಲಿಯವರೆಗೆ ಸಮುದ್ರಕ್ಕೆ ಅಡ್ಡವಾಗಿ ಗೋಡೆ ಕಟ್ಟಿಬಿಟ್ಟಿದ್ದಾರೆ. ಊರಿನಲ್ಲಿ ಯಾರಿಗೂ ಹೆಸರಿಲ್ಲ, ಬರೀ ನಂಬರು. ರ‍್ಯಾಂಕು ನೂರರೊಳಗೆ ಬಂದವರು ಮಾತ್ರ ವಾರಕ್ಕೊಮ್ಮೆ ಕಾಲು ಗಂಟೆ ಗೇಟಿನೊಳಗೆ ಹೋಗಿ ಸಮುದ್ರ ನೋಡಬಹುದು. ಉಳಿದವರಿಗೆ ಸದ್ದು ಕೇಳಿಸುತ್ತದೆ ಅಷ್ಟೇ. ನಾನೂರಾ ಹನ್ನೆರಡನೇ ನಂಬರಿನ ಹದಿನಾರರ ಹುಡುಗಿಯೊಬ್ಬಳು ತನಗೆ ತಾನೇ ಗಿರಿಜಾ ಎಂದು ಹೆಸರಿಟ್ಟುಕೊಂಡು ದಿನಕ್ಕೊಂದು ಇಟ್ಟಿಗೆ ಸಡಿಲಿಸುತ್ತಾಳೆ. ಭೌತಶಾಸ್ತ್ರದ ನೋಟ್ಸಿನ ಹಿಂಬದಿಯಲ್ಲಿ ಶುರುವಾದದ್ದು ಇನ್ನೂರು ಪುಟದ ನೋಟ್‌ಬುಕ್ ಪೂರ್ತಿ ತುಂಬಿತು. ಹುಡುಗಿಯರು ಸರದಿ ಹಚ್ಚಿ ಓದಿದರು. ಬಾತ್‌ರೂಮಿನ ಸಾಲಿನಲ್ಲಿ ನಿಂತು “ಗಿರಿಜಾ ಏನಾದಳು?” ಎಂದು ಪಿಸುಗುಟ್ಟುತ್ತಿದ್ದರು. ಅಪ್ಪಾ, ಆ ಎರಡು ವರ್ಷದಲ್ಲಿ ನಾನು ಸುಖವಾಗಿದ್ದದ್ದು ಆಗ ಮಾತ್ರ.

ಬರೆದದ್ದು ತೆಲುಗಿನಲ್ಲಿ. ಇದೇ ಎಲ್ಲದರ ಬೇರು, ಸರಿಯಾಗಿ ಓದಿಕೊಳ್ಳಿ. ನಾನು ಮೂರನೇ ಕ್ಲಾಸಿನಿಂದ ವಿಶಾಖಪಟ್ಟಣದಲ್ಲೇ ಬೆಳೆದವಳು. ಬೀದಿಯಲ್ಲಿ ಜಗಳವಾಡಿದ್ದು ತೆಲುಗಿನಲ್ಲಿ, ಬಾಡಿಗೆ ಲೈಬ್ರರಿಯಿಂದ ತಂದು ಹಾಸಿಗೆಯ ಕೆಳಗಿಟ್ಟು ಓದಿದ್ದು ತೆಲುಗು. ನೀವು ಮನೆಯೊಳಗೆ “ಕನ್ನಡದಲ್ಲಿ ಮಾತಾಡೇ” ಎಂದು ಗದರಿಸುತ್ತಿದ್ದಿರಿ, ನಾನು ಮಾತಾಡುತ್ತಿದ್ದೆ. ಅಜ್ಜಿಗೆ ಕಾಗದ ಬರೆಸುತ್ತಿದ್ದಿರಿ, ಬರೆಯುತ್ತಿದ್ದೆ. ಆ ಹೊಸ್ತಿಲಿನಾಚೆ ನಿಮ್ಮ ಮಗಳು ಯಾವ ಭಾಷೆಯಲ್ಲಿ ಕನಸು ಕಾಣುತ್ತಾಳೆ ಎಂದು ಒಂದು ದಿನವೂ ವಿಚಾರಿಸಲಿಲ್ಲ.

ಜನವರಿಯಲ್ಲಿ ಆ ನೋಟ್‌ಬುಕ್ ಕನಕದುರ್ಗಳ ಟ್ರಂಕಿನಲ್ಲಿ ಸಿಕ್ಕಿಬಿತ್ತು. ಆ ವಾರ ಓದುವ ಸರದಿ ಅವಳದು. ಪ್ರಿನ್ಸಿಪಾಲ್ ರಾಮಮೋಹನ್ ಅವರು ಓದಿ ಕೆಂಡವಾದರು. ಗೋಡೆ ಯಾವುದು, ಗೇಟು ಕಾಯುವವರು ಯಾರು ಎಂದು ಅವರಿಗೆ ಅರ್ಥವಾಗದೆ ಇರುತ್ತದೆಯೇ. ಒಂದೇ ರೂಮಿನ ಇಬ್ಬರ ಮೇಲೂ ಅನುಮಾನ. ಎರಡೂ ಮನೆಗೆ ಫೋನು ಹೋಯಿತು. ಆಂಟಿ ಅಂಗಡಿಯಿಂದ ಎದ್ದು ಹಾಗೆಯೇ ಓಡಿಬಂದಿದ್ದರು, ಕೈಗಳೆಲ್ಲ ಅರಿಶಿನ. ನೀವು ಮಾರನೆಯ ದಿನ ಸಫಾರಿ ಸೂಟಿನಲ್ಲಿ ಬಂದಿರಿ. ನೋಟ್‌ಬುಕ್ಕಿನ ಎರಡು ಹಾಳೆ ತಿರುವಿ, ಕನ್ನಡಕ ತೆಗೆದು, ನಕ್ಕಿರಿ. ನಿಮ್ಮ ಮುರುಕು ತೆಲುಗಿನಲ್ಲಿ ಹೇಳಿದ್ದು ಒಂದೊಂದು ಮಾತೂ ನನಗೆ ಬಾಯಿಪಾಠ. ನಮ್ಮದು ಕನ್ನಡದ ಮನೆ ಸಾರ್, ನನ್ನ ಮಗಳಿಗೆ ತೆಲುಗು ನಾಲ್ಕು ಮಾತು ಆಡಲು ಬರುತ್ತದೆ ಅಷ್ಟೇ, ಕಾಲೇಜಿನಲ್ಲಿ ತೆಗೆದುಕೊಂಡದ್ದೂ ಸಂಸ್ಕೃತ, ಕಥೆ ಬರೆಯುವಷ್ಟು ಎಲ್ಲಿಂದ ಬರಬೇಕು ಎಂದಿರಿ. ಅವರು ಅದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದರು. ನೀವು ಹುದ್ದೆಯ ಸಮೇತ ಸಹಿ ಹಾಕಿದಿರಿ. ಸೀಲು ಜೇಬಿನಲ್ಲಿದ್ದಿದ್ದರೆ ಅದನ್ನೂ ಒತ್ತುತ್ತಿದ್ದಿರಿ.

ಕನಕದುರ್ಗ ನನ್ನ ಮುಖ ನೋಡಿದಳು. ಬರೆದವಳು ಇವಳು ಎಂದು ಬೆರಳು ತೋರಿಸಿದ್ದರೆ ಅವಳು ಉಳಿಯುತ್ತಿದ್ದಳು. ತೋರಿಸಲಿಲ್ಲ, ನಾನೇ ಹೇಳುತ್ತೇನೆ ಎಂದು ಕಾದಳು. ನಾನು ನೆಲ ನೋಡುತ್ತ ನಿಂತೆ. ಇನ್ನೂರು ಪುಟ ಧೈರ್ಯಶಾಲಿ ಹುಡುಗಿಯ ಕಥೆ ಬರೆದವಳ ಬಾಯಿಂದ ಎರಡು ಶಬ್ದ ಹೊರಡಲಿಲ್ಲ. ಆ ನಾಚಿಕೆ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಆಮೇಲೆ ಗೇಟಿನ ಹೊರಗೆ ನನಗೆ ನಿಂಬೆ ಸೋಡಾ ಕೊಡಿಸಿ ನೀವು ಹೇಳಿದಿರಲ್ಲ, “ಯಾರದ್ದಾದ್ರೂ ಆಗ್ಲಿ ಬಿಡು, ನೀನು ಓದ್ಕೋ” ಅಂತ, ಆ ಮಾತು ಸಂಪೂರ್ಣ ನಿಮ್ಮದು. ಅಂದರೆ ನಿಮಗೆ ಅನುಮಾನವಿತ್ತು. ಇದ್ದೂ ಸಹಿ ಹಾಕಿದಿರಿ.

ಅವಳನ್ನು ಹೊರಗೆ ಹಾಕಿದರು. ಹಾಲ್ ಟಿಕೆಟ್ ಕೊಡಲಿಲ್ಲ, ಮಾರ್ಚಿನ ಪರೀಕ್ಷೆ ಹೋಯಿತು. ಟಿ.ಸಿ. ಮೇಲೆ ‘ದುರ್ನಡತೆಗಾಗಿ ತೆಗೆದುಹಾಕಲಾಗಿದೆ’ ಎಂದು ಬರೆದುಬಿಟ್ಟಿದ್ದಾರೆ. ಅದನ್ನು ಹಿಡಿದು ಆಂಟಿ ಐದು ಕಾಲೇಜು ಸುತ್ತಿದರು, ಐದೂ ಕಡೆ ಇಲ್ಲ ಎಂದರು. ನನಗಿಂತ ಚುರುಕಾಗಿ ಲೆಕ್ಕ ಬಿಡಿಸುತ್ತಿದ್ದವಳು ಈಗ ಕೆಳಗೆ ಮೆಣಸಿನಕಾಯಿ ತೂಗುತ್ತಿದ್ದಾಳೆ. ಗುಂಟೂರಿನ ಕಡೆಯ ಒಂದು ಸಂಬಂಧ ನೋಡಿದ್ದಾರೆ. ಕಾಲೇಜು ಸಿಗದಿದ್ದರೆ ಶ್ರಾವಣದಲ್ಲಿ ನಿಶ್ಚಯ. ಅವಳಿಗೆ ಬೇಡ. ಅತ್ತಿದ್ದನ್ನು ನನಗೆ ತೋರಿಸಲಿಲ್ಲ, ಮೆಣಸಿನ ಘಾಟು ಅಂದಳು.

ಜನವರಿಯಿಂದ ನಾನು ಓದಿದ್ದು ಡಾಕ್ಟರಾಗಲು ಅಲ್ಲ ಅಪ್ಪಾ, ಸೇಡಿಗೆ. ಆ ಪ್ರಿನ್ಸಿಪಾಲ್ ಸನ್ಮಾನದ ವೇದಿಕೆಯಲ್ಲಿ ನನಗೆ ಮೈಕು ಕೊಡಬೇಕು, ಅದಕ್ಕೆ ರ‍್ಯಾಂಕು ಬೇಕು, ಅಷ್ಟೇ ನನ್ನ ಲೆಕ್ಕ. ಮೆಡಿಕಲ್ ಪ್ರವೇಶದ ಎಂಸೆಟ್‌ನಲ್ಲಿ ಅರವತ್ತೊಂದನೇ ರ‍್ಯಾಂಕು ಬಂತೆಂದು ನೀವು ಬ್ರಾಂಚಿಗೆಲ್ಲ ಪೂತರೇಕು ಮಿಠಾಯಿ ಹಂಚಿದಿರಿ. ನಾನು ಮಾತ್ರ, ಇನ್ಸ್‌ಪೆಕ್ಷನ್ ಎಂದು ನಿಮಗೆ ಬರಲಾಗದ ನಿನ್ನೆಯ ಸನ್ಮಾನ ಸಭೆಗೆ ದಿನ ಎಣಿಸುತ್ತಿದ್ದೆ. ನಿನ್ನೆ ಶಾಲು ಹೊದಿಸಿ, ಕನ್ನಡದ ಹುಡುಗಿ, ತೆಲುಗು ಅಷ್ಟು ಬರದಿದ್ದರೂ ನಮ್ಮ ಕಾಲೇಜು ಅವಳನ್ನು ಹೇಗೆ ತಿದ್ದಿತು ನೋಡಿ ಎಂದು ಮುನ್ನೂರು ತಂದೆತಾಯಿಗಳ ಮುಂದೆ ಅವರು ಮೈಕು ಕೈಗಿತ್ತರು. ನಾನು ಸಮುದ್ರಕ್ಕೆ ಗೋಡೆ ಕಟ್ಟಿದ ಊರಿನ ಮೊದಲ ಅಧ್ಯಾಯವನ್ನು ಪುಸ್ತಕವಿಲ್ಲದೆ ಹೇಳಿದೆ, ತೆಲುಗಿನಲ್ಲಿ. ಮೊದಲು ಚಪ್ಪಾಳೆ ಬಿತ್ತು. ಮೇಡಂ ಓಡಿಹೋಗಿ ಮೈಕಿನ ವೈರು ಕಿತ್ತರು. ನಾನು ಗಂಟಲೆತ್ತಿ ಮುಂದುವರಿಸಿದೆ. ಕೊನೆಗೆ, ಇದನ್ನು ಬರೆದವಳು ನಾನು, ಇದಕ್ಕಾಗಿ ಹೊರಗೆ ಹಾಕಿದ್ದು ಕನಕದುರ್ಗಳನ್ನು ಎಂದೆ. ಪ್ರಿನ್ಸಿಪಾಲರ ಮುಖದ ಬಣ್ಣ ಇಳಿದದ್ದನ್ನು ಕಣ್ತುಂಬ ನೋಡಿದೆ. ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು.

ಆದರೆ ಅವರು ಪಳಗಿದ ಮನುಷ್ಯ. ಎದ್ದು ನಿಂತು ನಯವಾಗಿ ಉತ್ತರಿಸಿದರು. ಗೆಳತಿಯ ಮೇಲಿನ ಪ್ರೀತಿಗೆ ಹುಡುಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ, ಅವಳಿಗೆ ತೆಲುಗು ಬರೆಯಲು ಬರುವುದಿಲ್ಲವೆಂದು ಅವಳ ತಂದೆಯೇ, ಒಬ್ಬ ಬ್ಯಾಂಕ್ ಆಫೀಸರು, ಬರೆದುಕೊಟ್ಟ ಕಾಗದ ನನ್ನ ಬಳಿಯಿದೆ ಎಂದರು. ತಂದೆ ಅದನ್ನು ಹಿಂತೆಗೆದುಕೊಂಡರೆ ಆ ಹುಡುಗಿಯ ಟಿ.ಸಿ. ಇವತ್ತೇ ಬದಲಾಯಿಸಿ ಕೊಡುತ್ತೇನೆ ಎಂದೂ ಎಲ್ಲರ ಎದುರಿಗೆ ಹೇಳಿದರು. ನೀವು ಹಿಂತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ಅಷ್ಟು ಭರವಸೆ. ಅಪ್ಪಾ, ಅವರ ಗೋಡೆಯಲ್ಲಿ ಉಳಿದಿರುವುದು ಒಂದೇ ಇಟ್ಟಿಗೆ, ಅದು ನಿಮ್ಮ ಸಹಿ.

ಅಮ್ಮನಿಗೆ ಎಲ್ಲವನ್ನೂ ನೀವೇ ಓದಿ ಹೇಳಿ, ಅರ್ಧ ನುಂಗಬೇಡಿ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಲು ಮರೆಯಬೇಡಿ. ಉಪ್ಪಿನಕಾಯಿಯ ಮೇಲಿನ ಆಸೆ ಬಿಡಿ. ನಿಮ್ಮಿಬ್ಬರ ಪಾದಕ್ಕೂ ನನ್ನ ನಮಸ್ಕಾರ, ಈ ಸಲ ಅಮ್ಮನ ಪಾದಕ್ಕೆ ಒಂದು ಹೆಚ್ಚು.

ನಿಮ್ಮ ಮಗಳು,
ಸುಲೋಚನಾ

ಅಂದಹಾಗೆ: ಹಿಂತೆಗೆದುಕೊಳ್ಳುವ ಪತ್ರವನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಹುದ್ದೆ ಬರೆದು ಸಹಿ ಮಾಡಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಇಲ್ಲಿಗೇ ಕಳಿಸಿ. ಕನಕದುರ್ಗಳಿಗೆ ಕಾಲೇಜು ಸೇರಲು ಜುಲೈ ಹತ್ತು ಕೊನೆ. ನನ್ನ ಮೆಡಿಕಲ್ ಅರ್ಜಿಗೂ ಅದೇ ವಾರ. ನನ್ನ ರ‍್ಯಾಂಕ್ ಕಾರ್ಡು ಆಂಟಿಯ ಬೀರುವಿನಲ್ಲಿದೆ. ನಿಮ್ಮ ಪತ್ರ ಬರದಿದ್ದರೆ ಅದು ಅಲ್ಲೇ ಇರುತ್ತದೆ, ನಾನೂ ಇಲ್ಲೇ ಇದ್ದು ಮೆಣಸಿನಕಾಯಿ ತೂಗುತ್ತೇನೆ. ಹೆದರಿಸುತ್ತಿಲ್ಲ, ಹೇಳುತ್ತಿದ್ದೇನೆ. ಇನ್ನೊಂದು ಮಾತು. ಪತ್ರವನ್ನು ಬೇಕೆಂದೇ ತೆಲುಗಿನಲ್ಲಿ, ನನ್ನ ಕೂಡುಬರಹದಲ್ಲಿ ಬರೆದಿದ್ದೇನೆ. ನಿಮಗೆ ಓದಲಾಗುವುದಿಲ್ಲ. ನಿಮ್ಮ ಕ್ಯಾಷಿಯರ್ ಸೂರ್ಯಪ್ರಕಾಶ ಅಂಕಲ್‌ಗೆ ಕೊಟ್ಟು, ಬ್ರಾಂಚಿನಲ್ಲೇ, ಗಟ್ಟಿಯಾಗಿ ಓದಿಸಿ ಕೇಳಿ. ಮೂರನೇ ಸಾಲಿನಲ್ಲಿ ‘ನನ್ನ ಮಗಳನ್ನು ನಾನು ಅರಿತಿರಲಿಲ್ಲ, ತಿಳಿದೂ ತಿಳಿಯದೆ ಸುಳ್ಳಿಗೆ ಸಹಿ ಹಾಕಿದೆ’ ಎಂದಿದೆ. ಅಲ್ಲಿ ಅವರು ಓದುವುದನ್ನು ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ. ನೋಡಲಿ. ಮುಂದೆ ಓದಿ ಎನ್ನಿ.