ಹಪ್ಪಳದ ಜೊತೆ ಒಣಗಿಸಿದ ತೋಟೆ

ಹ್ವಾಯ್ ಮನೆಯವರೇ,

ಬದುಕಿದ್ದಾಗ ಹೆಸರು ಹಿಡಿದು ಕರೆದವಳಲ್ಲ, ಈಗ ಯಾಕೆ ಹೊಸ ರೂಢಿ? ನಿಮ್ಮ ಕೋವಿಯ ವಿಷಯ ಹೇಳುವುದಿತ್ತು. ನೀವು ಹೋದದ್ದು ದೀಪಾವಳಿಗೆ. ಬೇಸಿಗೆಯಲ್ಲಿ ವೋಟು ಬಂತು. ಪ್ರತಿ ವೋಟಿಗೂ ನೀವು ಬೈಯುತ್ತಾ ಹೊತ್ತುಕೊಂಡು ಹೋಗುತ್ತಿದ್ದಿರಲ್ಲ, ಹಾಗೆಯೇ ಈ ಸಲ ಮಗ ಅದನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಡಬೇಕಾಯಿತು. ವೋಟು ಮುಗಿದ ಮೇಲೆ ತನ್ನ ಹೆಸರಿಗೆ ಮಾಡಿಸಿ ಮನೆಗೆ ತರಲೋ, ಅಲ್ಲೇ ಬಿಟ್ಟುಬಿಡಲೋ ಎಂದು ನನ್ನನ್ನೇ ಕೇಳಿದ. ನನಗೇನು ಗೊತ್ತು? ನೀವು ಒಂದು ಮಾತು ಹೇಳಿ ಹೋಗಿದ್ದರೆ...

ಕೊಯ್ಲು ಮುಗಿದ ಸಂಜೆ ನೀವೂ ನೆರೆಮನೆಯ ಶೀನಣ್ಣನೂ ಜಗಲಿಯಲ್ಲಿ ಕುಳಿತು ಯಾವ ಬೇಟೆ ಮೇಲು ಎಂದು ಜಗಳ ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಶೀನಣ್ಣನಿಗೆ ಕಾಡುಕೋಳಿಯೇ ಆಗಬೇಕು. ನಿಮಗೆ ಮಾತ್ರ ಗದ್ದೆಯಂಚಿನ ಹುಂಡುಕೋಳಿ. ಎದೆಗೆ ಬಿಳಿ ಬೈರಾಸು ಹೊದ್ದ ಹಾಗೆ ಇರುವ, ಗಿಡ್ಡ ಬಾಲ ಕುಣಿಸುವ, ಕೆಸರು ನಾರುವ ಹಕ್ಕಿ. ಅದೂ ಒಂದು ಬೇಟೆಯೇ ಎಂದು ಶೀನಣ್ಣ ನಗಾಡಿದರೆ ನಿಮ್ಮದು ಒಂದೇ ಉತ್ತರ: "ಕಾಡ್‌ಕೋಳಿ ಬುರ್ರ್ ಅಂದ್ ಹಾರ್ತ್, ಮುಗೀತ್. ಇದ್ ಓಡೂದ್ ಮಾರಾಯಾ. ಓಡೂದ್ ಕಾಂಬುಕೇ ಒಂದ್ ಚೆಂದ." ಒಳಗೆ ಅದರ ಚರ್ಮ ಸುಲಿಯುತ್ತಿದ್ದ ನಾನು ಸುಮ್ಮನಿರಲಿಲ್ಲ. "ಚೆಂದ ಕಾಂಬವ್ರ್ ಒಬ್ರ್, ಚರ್ಮ ಸುಲಿವವ್ರ್ ಒಬ್ರ್" ಎಂದಿದ್ದೆ. ನಿಮಗೆ ಕೇಳಿಸಿತ್ತು, ಕೇಳಿಸದ ಹಾಗೆ ಇದ್ದಿರಿ.

ಆಸಾಡಿ ಬಂತೆಂದರೆ ಕೋವಿ ಗೋಡೆ ಬಿಟ್ಟು ಇಳಿಯುತ್ತಿರಲಿಲ್ಲ. ಮಸಿ ಮುದ್ದೆಯಂಥ ಮರಿಗಳು ತಾಯಿಯ ಹಿಂದೆ ಓಡುವ ಕಾಲ, ಆಗ ಹೊಡೆಯುವವನು ಮನುಷ್ಯನೇ ಅಲ್ಲ ಎನ್ನುತ್ತಿದ್ದಿರಿ. ಉಳಿದ ತಿಂಗಳುಗಳಲ್ಲಿ ಹೊಡೆದರೆ ಮನುಷ್ಯನೇ? ಲೈಸೆನ್ಸು ಕೊಟ್ಟದ್ದು ಬೆಳೆ ಕಾಯಲಿಕ್ಕೆ, ಹಕ್ಕಿ ಹೊಡೆಯಲಿಕ್ಕಲ್ಲ ಎಂದು ಮಗ ಎಷ್ಟು ಸಲ ಹೇಳಲಿಲ್ಲ? ನಾನೂ ಹೇಳಿದೆ. ಹೇಳಿ, ಮಸಾಲೆಯನ್ನೂ ಅರೆದೆ.

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ವರ್ಷ ನನ್ನ ಸೂಜಿಗೆ ನೀವೇ ನೂಲು ಪೋಣಿಸಿ ಕೊಟ್ಟಿರಿ. ಇನ್ನು ಗದ್ದೆಯಲ್ಲಿ ಒಂದು ಹಕ್ಕಿಯೂ ಉಳಿಯುವುದಿಲ್ಲ ಎಂದುಕೊಂಡೆ. ಆದರೆ ಅಂದಿನಿಂದ ಕೋವಿ ಹಿಡಿದು ಹೋದವರು ಬರಿಗೈಯಲ್ಲೇ ಬಂದಿರಿ. ಕೇಳಿದರೆ ಕೋವಿಗೆ ತುಂಬುವ ಮದ್ದಿನ ತೋಟೆಯ ಮೇಲೆ ದೂರು: "ತೋಟಿ ತ್ಯಾವ ಆಯ್ತ್ ಕಾಣ್. ಕುದ್ರಿ ಎಳೆದ್ರೂ ಹೊಟ್ಟೂದಿಲ್ಲ." ನಾನು ಪೆದ್ದಿ, ಹಲಸಿನ ಹಪ್ಪಳದ ಚಾಪೆಯ ಬದಿಯಲ್ಲೇ ಗೆರಸೆ ಇಟ್ಟು ನಿಮ್ಮ ತೋಟೆಗಳನ್ನೂ ಬಿಸಿಲಿಗೆ ಹಾಕಿದೆ. ಹಪ್ಪಳ ಮಗುಚುವಾಗ ಅವನ್ನೂ ಮಗುಚಿದೆ. ಹಪ್ಪಳ ಒಣಗಿತು. ನಿಮ್ಮ ತೋಟೆ ಮಾತ್ರ ಎರಡು ಬೇಸಿಗೆ ಕಳೆದರೂ...

ಸ್ಟೇಷನ್ನಿಗೆ ಕೊಂಡುಹೋಗುವ ದಿನ ಬೆಳಿಗ್ಗೆ ಶೀನಣ್ಣ ಬಂದರು. ಹಾಳಾದ ತೋಟೆ ಕೊಟ್ಟರೆ ನಗಾಡುತ್ತಾರೆ, ಒಂದನ್ನು ನೋಡಿಬಿಡುವ ಎಂದು ಗದ್ದೆಯ ಕಡೆ ಆಕಾಶಕ್ಕೆ ಕೋವಿ ಎತ್ತಿ ಕುದುರೆ ಎಳೆದರು. ಢಮ್ ಎಂದ ಸದ್ದಿಗೆ ನನ್ನ ಕೈಯ ಚೊಂಬು ಬಿತ್ತು. ಬಚ್ಚಲ ಹಿಂದೆ ದಟ್ಟವಾಗಿ ಬೆಳೆದ ಕೆಸುವಿನ ಹಿಂಡಲಿನಿಂದ ಎರಡು ಹುಂಡುಕೋಳಿ ಬಾಲ ಎತ್ತಿ ಓಡಿದವು. ನೀವು ದಿನಾ ಕೋವಿ ತೊಡೆಯ ಮೇಲಿಟ್ಟು ಕೂರುತ್ತಿದ್ದ ಕಲ್ಲಿನ ಎದುರಿಗೇ. ಅಲ್ಲಿ ಕುಳಿತು ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ, ಓಡುವುದು ನೋಡುವುದು?

"ತೋಟಿಗ್ ಎಂತದೂ ಆಯ್ಲಿಲ್ಲ ಅಲ್ದಾ ಅತ್ಗೆ?" ಎಂದು ಶೀನಣ್ಣ ನನ್ನ ಮುಖ ನೋಡಿದರು.

"ತೋಟಿ ಅಲ್ಲ, ಅವ್ರ್ ಕಣ್ಣೇ ಕಾಂತಿರ್ಲಿಲ್ಲ" ಎಂದೆ. ಹಕ್ಕಿಯ ಮೇಲೆ ಕರುಣೆ ಬಂತು ಎಂದಿದ್ದರೆ ಶೀನಣ್ಣ ಊರೆಲ್ಲ ಹೇಳಿ ನಗಾಡುತ್ತಿದ್ದರು. ನಿಮ್ಮ ಮರ್ಯಾದೆ ಉಳಿಸಿದ್ದೇನೆ. ಆದರೆ ನನ್ನ ಹತ್ತಿರವಾದರೂ ಹೇಳಬಹುದಿತ್ತು. ನಾನೇನು ನಗಾಡುತ್ತಿದ್ದೆನೇ? ನಗಾಡುತ್ತಿದ್ದೆ, ಸುಳ್ಳೇಕೆ. ಒಂದು ದಿನ ನಗಾಡಿ, ಮರುದಿನ ನಿಮ್ಮ ಪಕ್ಕದಲ್ಲಿ ಬಂದು ಕೂರುತ್ತಿದ್ದೆ.

ವೋಟು ಮುಗಿದ ಮೇಲೆ ಶೀನಣ್ಣ ಮತ್ತೆ ಬಂದು, ಹಂದಿ ಗದ್ದೆಗೆ ನುಗ್ಗುತ್ತದೆ, ಕೋವಿ ಮನೆಯಲ್ಲಿರಲಿ, ಹೋದವನ ಆಸೆಯೂ ಅದೇ ಎಂದರು. ಹಂದಿಯ ಮಾತು ಸುಳ್ಳಲ್ಲ. ಆದರೂ ಅವರ ಎದುರಿಗೇ ಮಗನಿಗೆ ಹೇಳಿದೆ, ಕೋವಿ ಅಲ್ಲೇ ಇರಲಿ, ಹಂದಿಗೆ ಪಟಾಕಿ ಹೊಡಿ ಎಂದು. ಈಗ ಮಗನೂ ಶೀನಣ್ಣನೂ ಸರದಿಯಲ್ಲಿ ಗದ್ದೆ ಕಾಯುತ್ತಿದ್ದಾರೆ. ನಿದ್ದೆಗೆಟ್ಟದ್ದಕ್ಕೆ ಶೀನಣ್ಣ ನನ್ನನ್ನು ಬೈಯುತ್ತಾರೆ, ಬೈಯಲಿ.

ನಿನ್ನೆ ಮಳೆ ಬಿಟ್ಟಾಗ ನಿಮ್ಮ ಕಲ್ಲಿನ ಮೇಲೆ ಕುಳಿತಿದ್ದೆ. ಕೆಸುವಿನ ಬುಡದಿಂದ ತಾಯಿ ಬಂತು, ಹಿಂದೆ ಕರಿ ಮರಿಗಳು, ಒಂದರ ಮೇಲೊಂದು ಎಡವುತ್ತಾ. ಇನ್ನು ಮರಿ ಬಲಿಯುವವರೆಗೆ ಆ ಹಿಂಡಲಿಗೆ ಕತ್ತಿ ಹಾಕುವುದಿಲ್ಲ. ಆಸಾಡಿ ಅಮಾಸೆಗೆ ನಿಮಗೆ ಬಡಿಸುವ ಎಲೆಯಲ್ಲಿ ಕೆಸುವಿನೆಲೆಯ ಪತ್ರೊಡೆ ಇರುವುದಿಲ್ಲ. ಯಾಕೆ ಎಂದು ಸೊಸೆ ಕೇಳಿದಳು. ಕೆಸು ತುರಿಸುತ್ತದೆ ಎಂದಿದ್ದೇನೆ.