ಅರ್ಧ ಔಷಧಿ

ತಮ್ಮನಿಗೆ,

ಫೋನ್ ಎತ್ತದವನಿಗೆ ಪತ್ರ ಗೀಚುವ ಕರ್ಮ ನನ್ನದು. ನಿನ್ನ ಕಾಲಿನ ಆಪರೇಷನ್ ವಿಚಾರ ಆಸ್ಪತ್ರೆಯವರು ನೋಡಿಕೊಳ್ಳಲಿ, ನನಗೆ ಹೊಲದ ಮಾತಿದೆ.

ಟೊಮೆಟೊ ಬೇರಿಗೆ ಅಂಟಿ ರಸ ಹೀರುವ ಆ ಕಳೆಗೆ, ಉಳಿತಾಯವೆಂದು, ನೀನು ವರ್ಷವರ್ಷವೂ ಹೇಳಿದ್ದರಲ್ಲಿ ಅರ್ಧ ಔಷಧಿ ಹೊಡೆದೆ. ಸಾಯದಷ್ಟು ವಿಷ ಕುಡಿಸಿ ಅದನ್ನು ಪಳಗಿಸಿದೆ. ಈಗ ಪೂರ್ತಿ ಹೊಡೆದರೂ ಜಗ್ಗುವುದಿಲ್ಲ, ನನ್ನ ಸಾಲುಗಳಿಗೂ ಹತ್ತಿದೆ. ಅದು ಬೀಜ ಉದುರಿಸುವ ಮೊದಲು ನಿನ್ನ ಬೆಳೆಯನ್ನೆಲ್ಲ ಕಿತ್ತು ಸುಡಬೇಕು.

“ಅಕ್ಕಾ, ಕಾಯಿ ಕೆಂಪಾಗ್ತಿದೆ, ಅವರು ಎದ್ದು ಬರಲಿ” ಎಂದು ನಿನ್ನ ಹೆಂಡತಿ ಅತ್ತಳು.

“ಬಂದು ಏನು ಕಡಿದು ಕಟ್ಟೆ ಹಾಕ್ತಾನೆ?” ಎಂದೆ.

ಕೀಳುವವಳು ಅವಳೇ. ಅಳುತ್ತಲೇ ಕೀಳಲಿ, ಅವಳ ಕೈ ಗಟ್ಟಿಯಾಗಿದೆ. ನೀನು ಒಪ್ಪದಿದ್ದರೂ ಬೆಂಕಿ ಇಡುವುದು ಇಡುವುದೇ.

ಉತ್ತರ ಹತ್ತನೇ ತಾರೀಕಿನೊಳಗೆ ನನ್ನ ಕೈ ಸೇರಬೇಕು.

ಅಕ್ಕ